ನಾರ್ವೆಯ ಸಗೋತ್ರ

ರೌಂಡ್ ರಾಕ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ನಿವೃತ್ತ ಟೀಚರ್. ವಯಸ್ಸು ಅರವತ್ತೈದು ದಾಟಿದೆ, ಮದುವೆಯಾದವರಲ್ಲ. ಅವರ ಮುತ್ತಜ್ಜ ಹತ್ತಿ ಬೆಳೆಯಲು ನಾರ್ವೆಯಿಂದ ಟೆಕ್ಸಸ್‌ಗೆ ಬಂದವರಂತೆ. ಗುರುವಾರ ನನ್ನ ಪೂಜೆ ಮುಗಿಯುವ ಹೊತ್ತಿಗೆ ಅವರು ಫಿಲ್ಟರ್ ಕಾಫಿಗೆ ಬರುತ್ತಾರೆ. ಮಂಗಳಾರತಿಗೆ ಸ್ಮೋಕ್ ಅಲಾರಂ ಕೂಗದಿದ್ದರೆ ದೇವರು ದೊಡ್ಡವನು ಎಂದುಕೊಂಡು ನಾನೂ ಜೊತೆಗೆ ಕೂರುತ್ತೇನೆ.

ಒಂದು ಗುರುವಾರ ಅವರ ಮುಖ ಕೆಂಪೇರಿತ್ತು. "ಹ್ಯೂಸ್ಟನ್ ಹತ್ತಿರ ದ ವುಡ್‌ಲ್ಯಾಂಡ್ಸ್ ಅನ್ನೋ ಊರಲ್ಲಿ ಒಬ್ಬರಿದ್ದಾರೆ, ಹೆಂಡತಿ ತೀರಿಕೊಂಡಿದ್ದಾರೆ. ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಿದಾರೆ. ತಮಾಷೆ ಏನು ಗೊತ್ತಾ? ಇಬ್ಬರದೂ ಒಂದೇ ಸರ್‌ನೇಮ್!"

ನಾನು ಕಾಫಿ ಲೋಟ ಕೆಳಗಿಟ್ಟೆ. ಒಂದೇ ಮನೆತನದ ಹೆಸರೆಂದರೆ ದಾಯಾದಿಗಳು, ಸಗೋತ್ರ! ಸುಮ್ಮನಿರಬಹುದಿತ್ತು. ಆದರೆ ಯಾರೂ ಕೇಳದ ಉಪದೇಶ ಕೊಡುವುದರಲ್ಲಿ ನನ್ನ ಕೈ ಯಾವಾಗಲೂ ಧಾರಾಳ.

"ನಮ್ಮಲ್ಲಿ ಹಾಗೆ ಮಾಡಲ್ಲ. ಅವರು ನಿಮಗೆ ಅಣ್ಣ ಆಗ್ತಾರೆ," ಎಂದೆ.

ಅವರ ನಗು ಅಲ್ಲೇ ಆರಿತು. ಅರ್ಧ ಕಾಫಿ ಬಿಟ್ಟು ಎದ್ದರು. ಮುಂದಿನ ಗುರುವಾರ ಬರಲಿಲ್ಲ. ಆ ಮನುಷ್ಯನಿಗೆ ಇನ್ನೂ ಉತ್ತರ ಕೊಟ್ಟಿಲ್ಲವೆಂದು ಬೇಲಿಯ ಹತ್ತಿರ ನಮ್ಮ ಯಜಮಾನರಿಗೆ ಹೇಳಿದರಂತೆ.

"ಏನೇ ಹೇಳಿದೆ ಅವರಿಗೆ?"

"ಒಳ್ಳೇದಕ್ಕೇ ಹೇಳಿದೆ ರೀ."

"ಈ ವಯಸ್ಸಲ್ಲಿ ಒಂದು ಜೊತೆ ಸಿಕ್ಕಿದೆ. ಅದಕ್ಕೂ ಗೋತ್ರ ನೋಡ್ತೀಯಲ್ಲ, ಪುಣ್ಯಾತ್ಗಿತ್ತಿ!"

ಶನಿವಾರ ಬಾಗಿಲಲ್ಲಿ ಹ್ಯಾಟ್ ಹಿಡಿದ ಎತ್ತರದ ಮುದುಕರೊಬ್ಬರು, ಹಿಂದೆ ನಮ್ಮ ಟೀಚರ್. ನನಗೇ ಸಮಾಧಾನ ಹೇಳಲು ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು.

"ಮೇಡಂ, ನಮ್ಮ ಸರ್‌ನೇಮ್ ಒಂದು ಹೊಲಮನೆಯ ಹೆಸರು," ಎಂದರು. "ಆಗೆಲ್ಲ ನಾರ್ವೆಯಲ್ಲಿ ಯಾವ ಹೊಲದಲ್ಲಿ ಇರ್ತಾರೋ ಅದರ ಹೆಸರೇ ಅವರ ಹೆಸರು. ಇನ್ನೊಂದು ಹೊಲಕ್ಕೆ ಹೋದ್ರೆ ಹೆಸರೂ ಬದಲು. ಇವಳ ಹಿರಿಯರು ಆ ಹೊಲದ ಯಜಮಾನರು, ನಮ್ಮವರು ಅಲ್ಲಿ ಆಳಾಗಿದ್ದವರು. ಅಮೆರಿಕಕ್ಕೆ ಬಂದಾಗ ಇಬ್ಬರೂ ಆ ಹೆಸರನ್ನೇ ಇಟ್ಟುಕೊಂಡರು. ಈಗ ಡಾಲಸ್, ಹ್ಯೂಸ್ಟನ್, ಎಲ್ಲಿ ನೋಡಿದ್ರೂ ನಾವೇ. ರಕ್ತಸಂಬಂಧ ಏನೂ ಇಲ್ಲ."

"ನಮ್ಮ ಸರ್‌ನೇಮೂ ನಮ್ಮೂರಿನ ಹೆಸರೇ," ಎಂದು ಯಜಮಾನರು ಖುಷಿಯಿಂದ ಕುರ್ಚಿ ಮುಂದೆಳೆದರು. "ನನ್ನ ತಂಗೀನ ಡಾಲಸ್‌ಗೆ ಕೊಟ್ಟಿದೀವಿ. ಅವರೂ ನಮ್ಮೂರಿನವರೇ, ಅದೇ ಸರ್‌ನೇಮ್. ಪಾಸ್‌ಪೋರ್ಟಲ್ಲಿ ಹೆಸರು ಬದಲಾಯಿಸೋ ಕಷ್ಟ ತಪ್ಪಿತು ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದ್ದು ಯಾರು ಗೊತ್ತಾ?"

ಹಚ್ಚಿದ್ದು ನಾನೇ. ಉಪ್ಪಿಟ್ಟು ನೋಡುವ ನೆಪದಲ್ಲಿ ಒಳಗೆ ಓಡಿದೆ. ಒಲೆಯ ಮೇಲೆ ಉಪ್ಪಿಟ್ಟು ಇರಲಿಲ್ಲ.

ಟೀಚರ್ ಹಿಂದೆಯೇ ಬಂದರು. "ಈಗ ಹೂಂ ಅನ್ನಲಾ?"

"ನನ್ನನ್ನೇನು ಕೇಳ್ತೀರಿ! ಅವರನ್ನ ಕಾಯಿಸಬೇಡಿ, ಹೋಗಿ," ಎಂದೆ.

ಮದುವೆ ಆಸ್ಟಿನ್‌ನ ಚರ್ಚಿನಲ್ಲಾಯಿತು. ರೇಷ್ಮೆ ಸೀರೆಯುಟ್ಟು ಹೆಣ್ಣಿನ ಕಡೆಯವರ ಸಾಲಿನಲ್ಲಿ ಮುಂದೆಯೇ ಕುಳಿತಿದ್ದೆ. ಪಾದ್ರಿಗಳು, ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಮದುಮಗಳು ಹಿಂತಿರುಗಿ ನೇರ ನನ್ನನ್ನೇ ನೋಡಿದರು. ಯಜಮಾನರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

ದೇವರ ದಯೆ, ನನ್ನ ಬಾಯಲ್ಲಿ ಬೆಳಗಿನ ಪೂಜೆಯ ಪ್ರಸಾದದ ಕಲ್ಲುಸಕ್ಕರೆ ಇತ್ತು.