ತಿಥಿಯ ದಿನದ ರಂಗೋಲಿ

ದೆವ್ವ, ಶಕುನ ಅಂತ ಯಾರಾದರೂ ಮಾತು ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಂಡು ಬಂದವನು. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೆ ಅಂತ ಎಲ್ಲರ ಹತ್ತಿರ ವಾದಕ್ಕೆ ನಿಲ್ಲುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ಮನೆಮನೆಗೂ ಕಂಪ್ಯೂಟರ್ ಬರತೊಡಗಿದ್ದ ಕಾಲ. ನಮ್ಮಲ್ಲಿಗೂ ಬಂತು. ಪಾಸ್‌ವರ್ಡ್ ಕೇಳುವ ಮೊದಲ ಪರದೆಯ ನೀಲಿ ಬಣ್ಣ ಮಗಳು ಶ್ವೇತಾಳಿಗೆ ಹಿಡಿಸಲಿಲ್ಲ. ನನ್ನ ಹೆಂಡತಿ ಲಲಿತಾ ಬಾಗಿಲ ಮುಂದೆ ಹಾಕಿದ್ದ ರಂಗೋಲಿಯನ್ನು ಅವಳು ಗೆಳತಿಯ ಕ್ಯಾಮೆರಾದಲ್ಲಿ ತೆಗೆದು, ಯಾವುದೋ ಸಾಫ್ಟ್‌ವೇರ್ ಹಾಕಿ, ಆ ಪರದೆಯ ಮೇಲೆ ಕೂರಿಸಿದಳು. "ಇದೂ ಕಂಪ್ಯೂಟರಿನ ಬಾಗಿಲೇ ಅಲ್ವೇನಮ್ಮ" ಅಂದಳು. ಲಲಿತಾ ಪಾಸ್‌ವರ್ಡಿನ ಚೌಕ ತೋರಿಸಿ, "ರಂಗೋಲಿ ಮೇಲೇ ಡಬ್ಬ ಇಟ್ಟಿದೀಯಲ್ಲೇ" ಅಂತ ನಕ್ಕಳು.

ಮುಂದಿನ ಮಳೆಗಾಲದಲ್ಲಿ ಜ್ವರ ಅಂತ ಆಸ್ಪತ್ರೆಗೆ ಹೋದ ಲಲಿತಾ ತಿರುಗಿ ಬರಲಿಲ್ಲ. ಅವಳ ಕೈಯಲ್ಲಿ ಮೂಡಿದ್ದು ಅಂತ ಮನೆಯಲ್ಲಿ ಉಳಿದದ್ದು ಪರದೆಯ ಆ ರಂಗೋಲಿಯೊಂದೇ. ದಿನಾ ಬೆಳಿಗ್ಗೆ ಕಾಫಿ ಹಿಡಿದು ಕಂಪ್ಯೂಟರ್ ಹಾಕುತ್ತಿದ್ದೆ. ಪಾಸ್‌ವರ್ಡ್ ಒತ್ತಿ ಒಳಗೆ ಹೋಗುತ್ತಿರಲಿಲ್ಲ. ಆ ಪರದೆಯನ್ನೊಂದಷ್ಟು ಹೊತ್ತು ನೋಡಿ, ಆರಿಸಿ, ಕೆಲಸಕ್ಕೆ ಹೊರಡುತ್ತಿದ್ದೆ.

ವರ್ಷದ ತಿಥಿಗೆ ಗೋಕುಲಂನಿಂದ ನಮ್ಮಕ್ಕ ಬಂದಳು. ತಿಥಿಯ ದಿನ ಕಾರ್ಯ ಮುಗಿಯುವವರೆಗೆ ನಮ್ಮಲ್ಲಿ ರಂಗೋಲಿ ಹಾಕುವುದಿಲ್ಲ. ಹಿಂದಿನ ಸಂಜೆ ಪರದೆ ನೋಡಿದ ಅಕ್ಕ, "ನಾಳೆ ಒಂದಿನ ಇದನ್ನ ತೆಗೆಸ್ಬುಡೋ. ಇಂಥದ್ರಲ್ಲೆಲ್ಲ ಲಲಿತಾ ಬಲು ಕಟ್ಟುನಿಟ್ಟು ಕಣೋ" ಅಂದಳು.

"ಕಂಪ್ಯೂಟರಿಗೂ ಮಡಿನಾ? ಸುಮ್ನಿರಕ್ಕ" ಅಂದೆ.

ಬೆಳಿಗ್ಗೆ ಎದ್ದವನೇ ಕಂಪ್ಯೂಟರ್ ಹಾಕಿದೆ. ಚಿತ್ರದಲ್ಲಿ ಹೊಸಿಲು ಇತ್ತು, ನೀರು ಚಿಮುಕಿಸಿದ ಸಿಮೆಂಟ್ ನೆಲ ಇತ್ತು. ರಂಗೋಲಿ ಇರಲಿಲ್ಲ. ಆರಿಸಿ ಮತ್ತೆ ಹಾಕಿದೆ, ಹಾಗೇ ಇತ್ತು. ಶ್ವೇತಾಳನ್ನು ಕರೆದೆ. ಅವಳೂ ನೋಡಿದಳು. "ನಾನು ಮುಟ್ಟೇ ಇಲ್ಲಪ್ಪ" ಅಂದಳು. ಇದ್ದದ್ದೊಂದೂ ಹೋಯಿತಲ್ಲ ಅಂತ ಕಣ್ಣೀರಲ್ಲೇ ಪುರೋಹಿತರ ಮುಂದೆ ಕೂತು ಕಾರ್ಯ ಮುಗಿಸಿದೆ. ಎಲ್ಲರ ಊಟವಾಗಿ, ಅಕ್ಕ ಬಾಗಿಲಿಗೆ ನಾಲ್ಕು ಎಳೆ ಎಳೆದು ಬಂದ ಮೇಲೆ, ತಡೆಯಲಾರದೆ ಇನ್ನೊಮ್ಮೆ ಹಾಕಿದೆ. ಬಂದಿತ್ತು. ಅದೇ ಚುಕ್ಕಿ, ಅದೇ ಎಳೆ.

ಶ್ವೇತಾ ಕಂಪ್ಯೂಟರನ್ನೆಲ್ಲ ಜಾಲಾಡಿದಳು. ಯಾರೂ ಏನೂ ಬದಲಾಯಿಸಿದ ಗುರುತಿರಲಿಲ್ಲ. ನಾನೂ ಕಾರಣ ಹುಡುಕಿದೆ, ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಸಿಗದೇ ಇರಲಿ ಅಂತಲೇ ಮನಸ್ಸಿನಲ್ಲಿತ್ತು. ಲಲಿತಾ ಎಲ್ಲೋ ಇದ್ದಾಳೆ, ಮನೆಯ ಆಗುಹೋಗು ನೋಡಿಕೊಳ್ಳುತ್ತಿದ್ದಾಳೆ ಅನ್ನುವ ನೆಮ್ಮದಿಯಲ್ಲೇ ಆ ವರ್ಷ ಕಳೆದೆ.

ಮರುವರ್ಷ ತಿಥಿಯ ಬೆಳಿಗ್ಗೆ, ಇರಬಾರದು, ಇರಬಾರದು ಅಂದುಕೊಳ್ಳುತ್ತಲೇ ಕಂಪ್ಯೂಟರ್ ಹಾಕಿದೆ. ರಂಗೋಲಿ ಇತ್ತು. ಆರಿಸಿ ಹಾಕಿದೆ. ಇತ್ತು. ಪುರೋಹಿತರು ಬಂದು ಕರೆಯುವವರೆಗೂ ಅದರ ಮುಂದೆ ಕೂತೇ ಇದ್ದೆ. ಹಿಂದಿನ ವರ್ಷ ಏನಾಗಿತ್ತೋ ನನಗೆ ಇವತ್ತಿಗೂ ತಿಳಿಯದು. ಲಲಿತಾ ಹೋಗಿಬಿಟ್ಟಳು ಅನ್ನುವುದು ಮಾತ್ರ ಆ ಬೆಳಿಗ್ಗೆ ತಿಳಿಯಿತು.