ಮೆನ್ನಾಳ ‘ಈಗ’

ಮೆನ್ನಾ ‘ಈಗ ಬಂದೆ’ ಎಂದರೆ ಸಂಜೆಯೊಳಗೆ ಬರುತ್ತಾಳೆ ಎಂದರ್ಥ. ‘ಈಗ, ಒಂದೇ ನಿಮಿಷ’ ಎಂದರೆ ಖಂಡಿತ ಬರುತ್ತಾಳೆ, ಯಾವಾಗ ಎಂದು ಮಾತ್ರ ಕೇಳಬಾರದು. ‘ಈಗಷ್ಟೇ ಬಂದಿದ್ದೆ’ ಎಂದರೆ ಅದು ಮೊನ್ನೆಯೂ ಆಗಿರಬಹುದು. ವೇಲ್ಸ್‌ನ ರೊಂಡ್ಡಾ ಕಣಿವೆಯಲ್ಲಿ ಹುಟ್ಟಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರು ನಮ್ಮನ್ನು ಸೋಮಾರಿಗಳು ಅಂದರೆ ಅಂದುಕೊಳ್ಳಲಿ, ಅವರ ಬಾಯಿ ಅವರದು.

ಮೆನ್ನಾ ತಾಯಿಯ ಕಾಲದ ಪಾರ್ಲರನ್ನು ನಡೆಸಿಕೊಂಡು ಬಂದವಳು. ಊರಿನ ಮದುವಣಗಿತ್ತಿಯರ ತಲೆಯೆಲ್ಲ ಅವಳ ಕೈಯಲ್ಲೇ ಸಿಂಗಾರವಾದದ್ದು. ತನ್ನ ಮದುವೆಯ ಮಾತು ಬಂದರೆ ‘ಈಗ ಆಗ್ತೀನಿ’ ಎಂದು ನಕ್ಕುಬಿಡುತ್ತಿದ್ದಳು. ಹಾಗೆ ನಗುತ್ತ ನಗುತ್ತ ನಲವತ್ತು ದಾಟಿತ್ತು. ಅಂಥವಳು ಕಳೆದ ಚಳಿಗಾಲದಲ್ಲಿ ಪಕ್ಕದ ಬೇಕರಿಗೆ ಪೋರ್ಚುಗಲ್‌ನಿಂದ ಕೆಲಸಕ್ಕೆ ಬಂದ ಅನ್ಸೆಲ್ಮೊನಿಗೆ ಮನಸೋತಳು. ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಆ ಶನಿವಾರ ಮೆನ್ನಾ ಮುದುಕಿ ಒಲ್ವೆನ್‌ಳ ತಲೆಗೆ ಬಣ್ಣ ಹಚ್ಚುತ್ತಿದ್ದಳು. ಅನ್ಸೆಲ್ಮೊ ಕೈಯಲ್ಲಿ ಬಟ್ಟೆಯ ಪೆಟ್ಟಿಗೆ ಹಿಡಿದು ಒಳಗೆ ಬಂದ.

“ಸ್ವಾನ್ಸೀ ಪಟ್ಟಣದಲ್ಲಿ ನಮ್ಮಕ್ಕ ನಂಗೆ ಕೆಲ್ಸ ಹುಡುಕಿದ್ದಾಳೆ. ನೀನು ನನ್ನ ಮದ್ವೆ ಆಗ್ತೀಯ ಅಂದ್ರೆ ನಾನು ಹೋಗಲ್ಲ, ಮೆನ್ನಾ.”

ಮೆನ್ನಾಳ ಎದೆ ಕುಣಿಯಿತು. ಕೈಯೆಲ್ಲ ಬಣ್ಣ, ಎದುರಿಗೆ ಕಿವಿ ನಿಮಿರಿಸಿ ಕೂತ ಒಲ್ವೆನ್. ಇಂಥ ಮಾತಿಗೆ ಹೀಗೆ ಉತ್ತರ ಹೇಳುವುದುಂಟೇ?

“ಈಗ ಹೇಳ್ತೀನಿ ಕಣೋ, ಒಂದೇ ನಿಮಿಷ,” ಎಂದಳು.

ಅನ್ಸೆಲ್ಮೊ ಗೋಡೆಯ ಗಡಿಯಾರ ನೋಡಿದ. ನಿಮಿಷ ಕಳೆಯಿತು. ಅವಳು ಹಾಡು ಗುನುಗುತ್ತ ಬಣ್ಣ ಹಚ್ಚುತ್ತಲೇ ಇದ್ದಳು. ಪಾಪ, ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಟೋಪಿ ಹಾಕಿಕೊಂಡು ಸದ್ದಿಲ್ಲದೆ ಹೊರಟುಹೋದ.

“ಅವ್ನು ಹೋದ್ನಲ್ಲೇ!” ಎಂದಳು ಒಲ್ವೆನ್.

“ಎಲ್ಲಿಗೆ ಹೋಗ್ತಾನೆ? ಈಗ ಹೇಳ್ತೀನಿ ಅಂದೆನಲ್ಲ.”

“ಏ ಪೆದ್ದೀ, ಅವ್ನಿಗೆ ಈಗ ಅಂದ್ರೆ ಈಗ ಕಣೇ! ಅವ್ನೇನು ಈ ಕಣಿವೇಲಿ ಹುಟ್ಟಿದ್ನಾ?”

ಮೆನ್ನಾಳ ಕೈಯಿಂದ ಬ್ರಷ್ಷು ಬಿತ್ತು. ಏಪ್ರನ್ ಕೂಡ ಬಿಚ್ಚದೆ ಬಸ್ ನಿಲ್ದಾಣದ ಕಡೆ ಓಡಿದಳು. ಹಿಂದೆಯೇ ಅರ್ಧ ಕೆಂಪು, ಅರ್ಧ ಬಿಳಿ ತಲೆಯ ಒಲ್ವೆನ್. ಸ್ವಾನ್ಸೀ ಬಸ್ಸು ಹೋಗಿಬಿಟ್ಟಿದ್ದರೆ? ಎಲ್ಲವನ್ನೂ ನಾಳೆಗೆ ತಳ್ಳಿಕೊಂಡು ಬಂದ ತನ್ನ ಮೇಲೆಯೇ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಬಸ್ಸು ಅಲ್ಲೇ ಇತ್ತು! ಡ್ರೈವರ್ ಇಡ್ವಾಲ್ ಬಾಗಿಲಿಗೆ ಒರಗಿ ಯಾರ ಜೊತೆಗೋ ರಗ್ಬಿ ಪಂದ್ಯದ ಮಾತಾಡುತ್ತಿದ್ದ.

“ಇನ್ನೂ ಹೊರಟಿಲ್ವೇನೋ, ಪುಣ್ಯಾತ್ಮ?”

“ಈಗ ಹೊರಟೆ ಕಣಕ್ಕ,” ಎಂದ ಇಡ್ವಾಲ್, ಅಲುಗಾಡದೆ.

ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು ಮೆನ್ನಾಳಿಗೆ. ಆದರೆ ತಬ್ಬಿಕೊಳ್ಳಬೇಕಾದವನು ಕೊನೆಯ ಸೀಟಿನಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದ. ಏದುಸಿರು ಬಿಡುತ್ತ ಅವನ ಮುಂದೆ ಹೋಗಿ ನಿಂತಳು.

“ಯಾಕೋ ಹೊರಟು ಬಂದೆ?”

“ಬೇಡ ಅನ್ನೋಕೆ ನಿಂಗೆ ಸಂಕೋಚ ಆಗ್ತಿದೆ ಅಂದ್ಕೊಂಡೆ.”

“ಬೇಡ ಅನ್ನೋಕೆ ನಿಮಿಷ ಯಾಕೋ ಬೇಕು? ಥಟ್ಟಂತ ಅಂದ್ಬಿಡ್ತಿದ್ದೆ. ಹೂಂ ಅನ್ನೋ ಮಾತು ಕಣೋ ಅದು! ಕೈ ತೊಳ್ಕೊಂಡು, ತಲೆ ಬಾಚ್ಕೊಂಡು, ಚೆನ್ನಾಗಿ ಹೇಳ್ಬೇಕು ಅಂತಿದ್ದೆ.”

ಅನ್ಸೆಲ್ಮೊ ಅವಳ ಬಣ್ಣದ ಕೈ ಹಿಡಿದು ತನ್ನ ಬಿಳಿ ಅಂಗಿಯ ಎದೆಗೆ ಒತ್ತಿಕೊಂಡ.

“ಕೈ ಹೀಗೇ ಇರ್ಲಿ. ಹೇಳು.”

“ಹೂಂ,” ಎಂದಳು ಮೆನ್ನಾ.