ಅಮ್ಮ ಹೇಳಿದ್ದು ಎಂಬ ಕಾಲಂ

ನನ್ನ ತಮ್ಮ ಗಲ್ಫಿನ ಒಂದು ಹೋಟೆಲಿನಲ್ಲಿ ಸ್ಟೋರ್ ಕೀಪರ್. ಅಕ್ಕಿ, ಎಣ್ಣೆ, ಟೊಮೆಟೊಗಳ ಲೆಕ್ಕವನ್ನು ಇಡೀ ದಿನ ಕಂಪ್ಯೂಟರಿನ ಚೌಕಗಳಲ್ಲಿ ತುಂಬಿಸಿ ತುಂಬಿಸಿ, ಮನುಷ್ಯನ ಯಾವ ಕಷ್ಟಕ್ಕೂ ಒಂದು ಶೀಟ್ ಮಾಡಿದರೆ ಅರ್ಧ ಪರಿಹಾರ ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿದೆ. ಅಮ್ಮನದು ಮರೆವಿನ ಕಾಯಿಲೆ, ಹೆಚ್ಚುತ್ತಲೇ ಹೋಗುವಂಥದ್ದು ಎಂದು ಡಾಕ್ಟರು ಹೇಳಿದ ವಾರವೇ ನಮ್ಮ ಮೂವರು ಅಕ್ಕತಂಗಿಯರ ಮೊಬೈಲಿಗೆ ಒಂದು ಲಿಂಕ್ ಬಂತು. ಒತ್ತಿದರೆ ಶೀಟ್.

ಅಮ್ಮ ಆಗಲೇ ತಿಂಗಳಿಗೊಂದು ಮನೆಯಂತೆ ನಮ್ಮಲ್ಲಿ ಇರತೊಡಗಿದ್ದಳು. ಮೊದಲು ನರಿಕೊಂಬಿನಲ್ಲಿ ಅಕ್ಕನ ಮನೆ, ಆಮೇಲೆ ಬೆಳ್ತಂಗಡಿಯಲ್ಲಿ ತಂಗಿಯ ಮನೆ, ಅಲ್ಲಿಂದ ತೋಡಾರಿನ ನನ್ನ ಮನೆ. ಶೀಟಿನಲ್ಲಿ ದಿನಕ್ಕೊಂದು ಸಾಲು. ತಾರೀಕು, ಮನೆ, ಮದ್ದು, ಊಟ ಎಂದು ಕಾಲಂಗಳು. ಕೊನೆಯದಕ್ಕೆ ಮಾತ್ರ "ಅಮ್ಮ ಹೇಳಿದ್ದು" ಎಂದು ಹೆಸರು ಕೊಟ್ಟಿದ್ದ.

"ಅದೆಂತದ್ದು ಮಾರಾಯ? ಅಮ್ಮ ಹೇಳಿದ್ದನ್ನೆಲ್ಲ ಬರೀಲಿಕ್ಕೆ ನಮಗೆ ಬೇರೆ ಕೆಲಸ ಇಲ್ವಾ?" ಎಂದು ಫೋನಿನಲ್ಲಿ ಕೇಳಿದೆ.

"ಮದ್ದು, ಊಟ ನೀವು ನೋಡಿಕೊಳ್ತೀರಿ ಅಕ್ಕ. ನನಗೆ ಓದ್ಲಿಕ್ಕೆ ಅದೊಂದು ಇರಲಿ" ಎಂದ.

ವಿಡಿಯೋ ಕಾಲ್ ಮಾಡಿದರೆ ಅಮ್ಮ ಅವನನ್ನು ನೋಡುತ್ತಿರಲಿಲ್ಲ. ಮುಖದೆದುರು ಮೊಬೈಲ್ ಹಿಡಿದರೆ, ಅದರ ಹಿಂದೆ ಇರುವ ನಮ್ಮನ್ನು ನೋಡಲು ಕತ್ತು ಓರೆ ಮಾಡುತ್ತಿದ್ದಳು. ಅವನು ಅಲ್ಲಿಂದ ಅಮ್ಮ, ಅಮ್ಮ ಎಂದು ಕರೆಯುತ್ತಲೇ ಇರುತ್ತಿದ್ದ. ಹಾಗಾಗಿ ನಾನು ಹೆಚ್ಚು ಜಗಳ ಮಾಡದೆ ಬರೆಯಲು ಒಪ್ಪಿದೆ.

ಮೊದಮೊದಲು ಬರೆಯುವುದಕ್ಕೆ ಏನು ಕಮ್ಮಿ! ಅಕ್ಕನ ಮನೆಯಲ್ಲಿದ್ದಾಗ, "ಈ ಬಂಗುಡೆಗೆ ಕಣ್ಣಿಲ್ಲ, ತಂದವಳಿಗೂ ಇಲ್ಲ." ಬೆಳ್ತಂಗಡಿಯಲ್ಲಿ, "ಅಳಿಯ ಅಂಗಿಗೆ ಇಸ್ತ್ರಿ ಹಾಕುವಷ್ಟು ಹೊತ್ತು ತಲೆಗೆ ಎಣ್ಣೆ ಹಾಕಿದ್ದರೆ ನಾಲ್ಕು ಕೂದಲಾದರೂ ಉಳಿಯುತ್ತಿತ್ತು." ನನ್ನದು ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ. "ನಿನ್ನ ಮಿಷನ್ನಿನ ಸದ್ದಿಗೆ ದೇವರಿಗೂ ನಿದ್ರೆ ಬರಲಿಕ್ಕಿಲ್ಲ" ಎಂದದ್ದು ನನ್ನ ಲೆಕ್ಕದಲ್ಲಿ ಬರೆದದ್ದು. ಮಾತು ಹೆಚ್ಚಾದಷ್ಟೂ ಸಾಲು ತನ್ನಷ್ಟಕ್ಕೆ ಎತ್ತರವಾಗುವಂತೆ ತಮ್ಮ ಏನೋ ಮಾಡಿಟ್ಟಿದ್ದ. ಕೆಲವು ದಿನಗಳ ಸಾಲು ನನ್ನ ಮೊಬೈಲಿನ ಅರ್ಧ ಪರದೆಯನ್ನೇ ತಿನ್ನುತ್ತಿತ್ತು.

ತೊಂದರೆ ಏನೆಂದರೆ, ಆ ಶೀಟಿನ ಕಾಲಂ ಅಂಚನ್ನು ಯಾರು ಎಲ್ಲಿ ಕೂತು ಎಳೆದರೂ ಎಲ್ಲರಿಗೂ ಬದಲಾಗುತ್ತದೆ. ಅವನದು ದೊಡ್ಡ ಕಂಪ್ಯೂಟರ್, ಕೊನೆಯ ಕಾಲಂ ಅಗಲವಾದಷ್ಟೂ ಅವನಿಗೆ ಓದಲು ಹಿತ. ನಮ್ಮ ಅಂಗೈಯಗಲದ ಮೊಬೈಲಿನಲ್ಲಿ ಅದು ಅಗಲವಾದರೆ, ಅಲ್ಲಿ ಬರೆಯುವಾಗ ಮದ್ದಿನ ಕಾಲಂ ಪರದೆಯಿಂದಲೇ ಆಚೆ ಹೋಗುತ್ತದೆ. ನಾವು ಸಣ್ಣ ಮಾಡುವುದು, ಅವನು ದೊಡ್ಡದು ಮಾಡುವುದು. ಒಮ್ಮೆ ಅಮ್ಮನನ್ನು ನೋಡಲು ನರಿಕೊಂಬಿಗೆ ಹೊರಟಿದ್ದೆ. ಬಿ.ಸಿ.ರೋಡಿನಲ್ಲಿ ಬಸ್ಸು ಬ್ರೇಕ್ ಹಾಕಿದ ರಭಸಕ್ಕೆ ಶೀಟ್ ನೋಡುತ್ತಿದ್ದ ನನ್ನ ಬೆರಳು ಆ ಕಾಲಂನ ಅಂಚನ್ನು ಒಳಕ್ಕೆ ಎಳೆದುಬಿಟ್ಟಿತು. ಅಮ್ಮನ ಅಷ್ಟೂ ಮಾತು ಅಕ್ಷರದ ಕೆಳಗೆ ಅಕ್ಷರವಾಗಿ ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಇಳಿಯಿತು. ಸರಿ ಮಾಡಲು ಹೋದಷ್ಟೂ ಇನ್ನೇನೋ ಎಳೆದುಕೊಂಡು ಬಂತು. ಬಸ್ಸಿನಿಂದ ಇಳಿಯುವ ಮೊದಲೇ ಗಲ್ಫಿನಿಂದ ಫೋನು.

"ಅಕ್ಕ, ದಮ್ಮಯ್ಯ, ನೀನು ಮುಟ್ಬೇಡ. ನಾನು ಸರಿ ಮಾಡ್ತೇನೆ" ಎಂದ. ಫೋನ್ ಇಡುವ ಮೊದಲು ಇನ್ನೊಮ್ಮೆ ದಮ್ಮಯ್ಯ ಎಂದ. ನನಗೆ ನಗು ಬಂತು, ಮರುಕ್ಷಣ ನಗುವ ಮನಸ್ಸಾಗಲಿಲ್ಲ.

ಆ ಕಾಲಂನಲ್ಲಿ ಅವನು ಏನು ಹುಡುಕುತ್ತಿದ್ದಾನೆಂದು ನಮಗೆ ಮೂವರಿಗೂ ಗೊತ್ತಿತ್ತು. ಅಮ್ಮ ಒಮ್ಮೆಯಾದರೂ ತನ್ನನ್ನು ಕೇಳಿದಳೇ ಎಂದು. ಅಷ್ಟು ಮಾತಿನಲ್ಲಿ ಅವನ ಸುದ್ದಿ ಒಂದು ದಿನವೂ ಬಂದಿರಲಿಲ್ಲ. ಬದಲಿ ಜನ ಸಿಗದೆ ಅವನಿಗೆ ರಜೆಯೂ ಸಿಗುತ್ತಿರಲಿಲ್ಲ.

ಮಳೆಗಾಲ ಮುಗಿಯುವಾಗ ಅಮ್ಮನ ಮಾತು ಕಮ್ಮಿಯಾಗುತ್ತ ಬಂತು. ಶೀಟನ್ನು ಓದಬೇಕೆಂದೇ ಇರಲಿಲ್ಲ, ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರೆ ಸಾಕಿತ್ತು. ದಪ್ಪ ಸಾಲುಗಳು ಸಣ್ಣಗಾಗುತ್ತ ಹೋಗುವುದು ಕಾಣುತ್ತಿತ್ತು. ಕೊನೆಗೆ ಅವಳಲ್ಲಿ ಉಳಿದದ್ದು ಒಂದೇ ಮಾತು, "ಒಣಸ್ ಆಂಡಾ?" ಊಟ ಆಯಿತಾ ಎಂದು. ತುಳು ಮಾತಾಡುವ ಯಾವ ಮನೆಯಲ್ಲಾದರೂ ಬಂದವರಿಗೆ ಮೊದಲು ಕೇಳುವ ಮಾತು ಅದು. ಕರೆಂಟಿನ ಬಿಲ್ಲು ಕೊಡಲು ಬಂದವನಿಗೆ ಕೇಳಿದಳು, ಗೋಡೆಯ ಕ್ಯಾಲೆಂಡರಿಗೆ ಕೇಳಿದಳು. ನಾವು ಅದನ್ನೇ ದಿನಾ ಬರೆದೆವು.

ತಮ್ಮ ಮೆಸೇಜ್ ಹಾಕಿದ: "ಯಾರಿಗೆ ಕೇಳಿದ್ದು?"

ಸಿಟ್ಟು ಬಂತೋ ಸಂಕಟವೋ, "ಫ್ರಿಜ್ಜಿಗೆ" ಎಂದು ಬರೆದೆ. ಅದು ನಿಜವೂ ಆಗಿತ್ತು. ಫ್ರಿಜ್ಜಿನ ಬಾಗಿಲು ಸವರಿಕೊಂಡೇ ಕೇಳಿದ್ದಳು.

"ಒಂದು ದಿನ ಅವನಿಗೇ ಕೇಳಿದ್ರು ಅಂತ ನಾವು ಬರೆಯುವಾ? ಅವನಿಗೊಂದು ಸಮಾಧಾನ" ಎಂದು ತಂಗಿ ನನ್ನನ್ನೂ ಅಕ್ಕನನ್ನೂ ಕೇಳಿದಳು.

"ಬೇಡ ಮಾರಾಯ್ತಿ. ಸ್ಟೋರಿನಲ್ಲಿ ಇಲ್ಲದ ಮಾಲು ಇದೆ ಅಂತ ಬರೆದ್ರೆ ಅವನಿಗೆ ಕೂಡ್ಲೇ ಗೊತ್ತಾಗ್ತದೆ" ಎಂದಳು ಅಕ್ಕ. ನನಗೂ ತಂಗಿಯ ಮಾತು ಆಸೆ ಹುಟ್ಟಿಸಿತ್ತು. ಆದರೆ ಬರೆಯಲು ಕೈ ಬರಲಿಲ್ಲ.

ಮತ್ತೆ ಅಮ್ಮ ನನ್ನ ಮನೆಗೆ ಬಂದಾಗ ಆ ಒಂದು ಮಾತೂ ನಿಂತಿತ್ತು. ಬೆಳ್ತಂಗಡಿಯ ಕೊನೆಯ ದಿನಗಳ ಚೌಕಗಳೂ ಖಾಲಿ, ನನ್ನವೂ ಖಾಲಿ. ಅವಳ ರವಿಕೆಗಳು ಭುಜದಿಂದ ಜಾರುತ್ತಿದ್ದವು. ಸರದಿ ಬಂದಾಗಲೆಲ್ಲ ಬದಿಯ ಹೊಲಿಗೆಯನ್ನು ಒಳಕ್ಕೆ ಸರಿಸಿಕೊಡುವುದು ನನ್ನ ಕೆಲಸವಾಗಿತ್ತು.

ಒಂದು ಸಂಜೆ ಹಾಗೆಯೇ ರವಿಕೆ ಹಿಡಿದು ಕೂತವಳು, ಅದಕ್ಕೆ ಮೊದಲು ಮದ್ದು ಕೊಟ್ಟದ್ದನ್ನು ಗುರುತು ಮಾಡೋಣವೆಂದು ಶೀಟ್ ತೆರೆದೆ. ಹಿಂದಿನ ಸಲ ಬಿಟ್ಟ ಬಲತುದಿಗೇ ತೆರೆದುಕೊಂಡಿತು, ಪರದೆಯ ತುಂಬ ಬಿಳಿ. ಮದ್ದೂ ಇಲ್ಲ, ಊಟವೂ ಇಲ್ಲ. ನೋಡಿದರೆ ಕೊನೆಯ ಕಾಲಂ ಹಿಂದೆಂದೂ ಇಲ್ಲದಷ್ಟು ಅಗಲವಾಗಿ ಹರಡಿಕೊಂಡಿತ್ತು. ಹಗಲಿಡೀ ದುಡಿದು ಸುಸ್ತಾಗಿದ್ದೆ, ತಲೆ ಕೆಟ್ಟಿತು. ಕೂಡಲೇ ಫೋನ್ ಮಾಡಿದೆ.

"ಏನು ಮಾರಾಯ, ನಿನಗೆ ತಲೆ ಸರಿ ಉಂಟಾ? ಅಮ್ಮ ಬಾಯಿ ಬಿಡದೆ ಎಷ್ಟು ದಿನ ಆಯ್ತು. ಖಾಲಿ ಕಾಲಂಗೆ ಇಷ್ಟು ಜಾಗ ಯಾಕೆ? ನನಗೆ ಮದ್ದಿನದ್ದು ಕಾಣುವುದೇ ಇಲ್ಲ!"

ಅವನ ಹಿಂದೆ ಹೋಟೆಲಿನ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಸಣ್ಣ ಮಾಡ್ಲಿಕ್ಕೇ ಹೊರಟಿದ್ದೆ ಅಕ್ಕ. ಖಾಲಿ ಅಲ್ವಾ ಅಂತ. ಎಳೆಯುತ್ತಾ ಹೋದೆ. ಎಲ್ಲಿಗೆ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ. ಪೂರ್ತಿ ಸಣ್ಣ ಆದ್ರೆ ಕಾಲಮೇ ಇಲ್ಲದ ಹಾಗೆ ಆಗ್ತದೆ. ಹೆದರಿಕೆ ಆಗಿ ದೊಡ್ಡದು ಮಾಡಿಟ್ಟೆ. ನಾಳೆ ಏನಾದ್ರೂ ಹೇಳಿದ್ರೆ ಜಾಗ ಬೇಡ್ವಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮಿಷನ್ನಿನ ಮೇಲೆ ಅಮ್ಮನ ರವಿಕೆ ಇತ್ತು. ಹೊಲಿಗೆ ಒಳಕ್ಕೆ ಸರಿಸಿದ ಮೇಲೆ ಉಳಿಯುವ ಬಟ್ಟೆಯನ್ನು ಕತ್ತರಿಸದೆ ಒಳಗೇ ಬಿಡುತ್ತಿದ್ದೆ, ಪ್ರತಿ ಸಲವೂ. ಬೆಳೆಯುವ ಹುಡುಗಿಯರ ಅಂಗಿಗೆ ಹಾಗೆ ಬಿಡುವುದುಂಟು, ಮುಂದೆ ಬಿಚ್ಚಿ ದೊಡ್ಡದು ಮಾಡಲು. ಈ ರವಿಕೆಯ ಹೊಲಿಗೆಯನ್ನು ಇನ್ನು ಯಾರೂ ಬಿಚ್ಚುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನಿಗೆ ಏನೆಂದು ಬುದ್ಧಿ ಹೇಳಲಿ?

"ಹಾಗೇ ಇರಲಿ ಬಿಡು. ನಾನು ಬದಿಗೆ ಸರಿಸಿ ನೋಡ್ತೇನೆ" ಎಂದೆ.

"ಅಮ್ಮ ಎಂತ ಮಾಡ್ತಾರೆ?"

"ಇಲ್ಲೇ ಇದ್ದಾರೆ. ಕಿಟಕಿ ನೋಡ್ತಾ ಕೂತಿದ್ದಾರೆ."

ಫೋನ್ ಇಡುವ ಮೊದಲು ಎಲ್ಲರೂ ಕೇಳುವ ಆ ಮಾತೇ ನನ್ನ ಬಾಯಿಗೂ ತಾನಾಗಿ ಬಂತು.

"ಒಣಸ್ ಆಂಡಾ?"

ಲೈನು ಹೋಯಿತೇನೋ ಎಂದು ಹಲೋ, ಹಲೋ ಎಂದೆ.

"ನೀನು ಕೇಳ್ಬೇಡ ಅಕ್ಕ" ಎಂದ, ಫೋನ್ ಇಟ್ಟ.

ನಾನು ಶೀಟನ್ನು ಬದಿಗೆ ಸರಿಸಿ, ಮದ್ದಿನ ಕಾಲಂ ಹುಡುಕಿ ಗುರುತು ಹಾಕಿದೆ. ಕೊನೆಯ ಕಾಲಂನ ಅಗಲವನ್ನು ಮುಟ್ಟಲಿಲ್ಲ.